ಗಂಟೆ ಹೊಡೆದರೆ ಯಾರಿಗೆ ಕೇಳಬೇಕು?

ಮಲಯಾಳದಲ್ಲಿ ಹೊಗೆಗೆ ‘ಪುಗ’ ಎನ್ನುತ್ತಾರೆ. ನಮ್ಮ ಹಳಗನ್ನಡದ ‘ಪೊಗೆ’ಗೆ ಅದು ಪಕ್ಕದ ಮನೆ. ಕೊಚ್ಚಿಗೆ ಬಂದ ಹೊಸದರಲ್ಲಿ ನನ್ನ ನಾಲಿಗೆಗೆ ಮೊದಲು ಹತ್ತಿದ ನಾಲ್ಕೈದು ಮಲಯಾಳ ಪದಗಳಲ್ಲಿ ಇದೂ ಒಂದು. ಹಾಲು, ಅನ್ನ, ಬಸ್ಸು ಕೇಳುವ ಮೊದಲೇ ಹೊಗೆ ಕಲಿತವನು ನಾನು. ಯಾಕೆಂದರೆ ಹೊಟ್ಟೆಪಾಡೇ ಅದು: ಕಟ್ಟಡಗಳಿಗೆ ಫೈರ್ ಅಲಾರ್ಮ್ ಡಿಸೈನ್ ಮಾಡುವುದು.

ಊರಿಗೆ ಹೋದಾಗ ಕೇಳುತ್ತಾರೆ, “ಅದರಲ್ಲಿ ಡಿಸೈನ್ ಮಾಡೋದು ಏನಿದೆ ಮಾರಾಯ? ಸೀಲಿಂಗಿಗೆ ನಾಲ್ಕು ಬಿಳಿ ಬಟ್ಟಲು ಬೋರಲು ಹಚ್ಚೋದು, ಗೋಡೆಗೊಂದು ಕೆಂಪು ಡಬ್ಬಿ ಹೊಡೆಯೋದು, ಅಷ್ಟೇ ತಾನೆ?” ಹೊಸ ಕಟ್ಟಡವಾದರೆ ಈ ಮಾತಿನಲ್ಲಿ ಅರ್ಧ ಸತ್ಯ ಇದೆ ಅಂತಲೇ ಇಟ್ಟುಕೊಳ್ಳಿ. ನಕ್ಷೆ ಇರುತ್ತದೆ, ಕೋಷ್ಟಕ ಇರುತ್ತದೆ, ಸಾಫ್ಟ್‌ವೇರ್ ಇರುತ್ತದೆ. ಹಳೆಯ ಕಟ್ಟಡವನ್ನು ರಿಪೇರಿ ಮಾಡಿ ಹೊಸ ಆಫೀಸು ಮಾಡುತ್ತೇವೆ ಎಂದು ಹೊರಟಾಗ ಮಾತ್ರ ಲೆಕ್ಕ ಬೇರೆ. ಕಳೆದ ಕೆಲವು ತಿಂಗಳಿಂದ ನಾನು ಅಂಥ ಎರಡು ಕಟ್ಟಡಗಳ ನಡುವೆ ಓಡಾಡುತ್ತಿದ್ದೇನೆ. ಒಂದು ಕೊಚ್ಚಿಯ ಎಂ.ಜಿ. ರಸ್ತೆಗೆ ಬೆನ್ನು ಹಾಕಿ ನಿಂತ 5 ಮಹಡಿಯ ಕಾಂಕ್ರೀಟು. ಇನ್ನೊಂದು ತಿರುವನಂತಪುರದಲ್ಲಿ, ಹೆಂಚಿನ ಮಾಡು, ತೇಗದ ಅಟ್ಟ ಇರುವ ದೊಡ್ಡ ಮನೆ. ಈಗ ಅದೂ ಆಫೀಸಾಗುತ್ತಿದೆ. ಎರಡಕ್ಕೂ ಒಡೆಯರು ಒಬ್ಬರೇ. ಯಾರೆಂದು ಬರೆಯುವುದು ಬೇಡ, ನನಗಿನ್ನೂ ಬಿಲ್ ಪಾಸಾಗಬೇಕು.

ತಿರುವನಂತಪುರ ಎಂದ ಕೂಡಲೇ ನಮ್ಮ ಕಸುಬಿನವರಿಗೆ ನೆನಪಾಗುವುದು 2020ರ ಆಗಸ್ಟ್ 25ರ ಸಂಜೆ. ಕೇರಳದ ಸೆಕ್ರೆಟರಿಯೇಟಿನಲ್ಲಿ ಬೆಂಕಿ ಬಿತ್ತು. ಸೆಕ್ರೆಟರಿಯೇಟೆಂದರೆ ಸ್ಟ್ಯಾಚ್ಯೂ ಜಂಕ್ಷನ್ನಿನಲ್ಲಿ ಟಿ. ಮಾಧವ ರಾವ್ ಪ್ರತಿಮೆಯ ಎದುರಿಗಿರುವ ಬಿಳಿಯ ಭವ್ಯ ಕಟ್ಟಡ. ತಿರುವಾಂಕೂರಿನ ಆಯಿಲ್ಯಂ ತಿರುನಾಳ್ ಮಹಾರಾಜರ ಕಾಲದಲ್ಲಿ, ಮಾಧವ ರಾಯರು ದಿವಾನರಾಗಿದ್ದಾಗ, 1865ರಲ್ಲಿ ಶುರುವಾಗಿ 1869ರಲ್ಲಿ ಮುಗಿದದ್ದು. ಮುಖ್ಯ ಎಂಜಿನಿಯರ್ ವಿಲಿಯಂ ಬಾರ್ಟನ್. ಆದರೆ ಬೆಂಕಿ ಬಿದ್ದದ್ದು ಆ ಹಳೆಯ ಕಟ್ಟಡಕ್ಕಲ್ಲ, ‘ನಾರ್ತ್ ಸ್ಯಾಂಡ್‌ವಿಚ್ ಬ್ಲಾಕ್’ ಎಂಬ ಭಾಗಕ್ಕೆ. ಹೆಸರು ಕೇಳಿಯೇ ನನಗೆ ಆ ಕಟ್ಟಡದ ಜಾತಕ ಗೊತ್ತಾಗಿಬಿಟ್ಟಿತು. ಹಳೆಯ ಸರ್ಕಾರಿ ಕಟ್ಟಡಗಳು ಬೆಳೆಯುವುದೇ ಹೀಗೆ: ಜನ ಹೆಚ್ಚಾಗುತ್ತಾರೆ, ಕಡತ ಹೆಚ್ಚಾಗುತ್ತದೆ, ಎರಡು ಕಟ್ಟಡಗಳ ನಡುವಿನ ಖಾಲಿ ಜಾಗಕ್ಕೆ ಮೂರನೆಯದೊಂದು ಬಂದು ಕೂರುತ್ತದೆ.

ಸುಟ್ಟದ್ದು ಪ್ರೋಟೋಕಾಲ್ ವಿಭಾಗದ ಕೋಣೆ. ಕೋವಿಡ್ ಕಾಲ, ಸಿಬ್ಬಂದಿಯಲ್ಲಿ ಕೆಲವರಿಗೆ ಸೋಂಕು ತಗುಲಿ ಉಳಿದವರು ಕ್ವಾರಂಟೈನ್ ಸೇರಿದ್ದರು. ಗೋಡೆಯ ಫ್ಯಾನು ಬಿಸಿಯಾಗಿ ಬೆಂಕಿ ಹತ್ತಿತು ಎಂದು ಸರ್ಕಾರದ ತಜ್ಞರ ಸಮಿತಿ ಹೇಳಿತು. ವಿಧಿವಿಜ್ಞಾನ ಪ್ರಯೋಗಾಲಯದವರು ಶಾರ್ಟ್ ಸರ್ಕಿಟ್‌ಗೆ ಪುರಾವೆ ಸಿಗಲಿಲ್ಲ ಎಂದರು. ಚಿನ್ನ ಕಳ್ಳಸಾಗಣೆ ಪ್ರಕರಣ ಬಿಸಿಬಿಸಿಯಾಗಿದ್ದ ಹೊತ್ತು. ಕಡತ ಸುಡಲಿಕ್ಕೆಂದೇ ಆದದ್ದು ಎಂದು ವಿರೋಧ ಪಕ್ಷಗಳು ಬೀದಿಗಿಳಿದವು, ಸರ್ಕಾರ ಅಲ್ಲವೆಂದಿತು. ಪೊಲೀಸರು ಫ್ಯಾನು ಹೇಗೆ ಕರಗಿ ಬಿದ್ದಿರಬಹುದೆಂದು ಗ್ರಾಫಿಕ್ಸ್ ಚಿತ್ರವನ್ನೂ ಮಾಡಿಸಿದರು. ರಾಜಕೀಯ ಅವರಿಗಿರಲಿ. ನನಗೆ ಕಾಡುವುದು ಬೇರೆ ಪ್ರಶ್ನೆ. ಮನುಷ್ಯರು ತುಂಬಿರುವ ಕೋಣೆಯಲ್ಲಿ ಫ್ಯಾನು ಸುಟ್ಟ ವಾಸನೆ ಬಂದರೆ ಯಾರೋ ಎದ್ದು ಸ್ವಿಚ್ ಆರಿಸುತ್ತಾರೆ, ಅಲ್ಲಿಗೆ ಕತೆ ಮುಗಿಯಿತು. ಮನುಷ್ಯರಿಲ್ಲದ ಕೋಣೆಗೆ ಮೂಗು ಯಾವುದು? ಮತ್ತು ಆ ಮೂಗು ಯಾರನ್ನು ಎಬ್ಬಿಸಬೇಕು?

ಅದೇ ನಾರ್ತ್ ಸ್ಯಾಂಡ್‌ವಿಚ್ ಬ್ಲಾಕಿನಲ್ಲಿ 2023ರ ಮೇ 9ರಂದು ಬೆಳಿಗ್ಗೆ, ಆಫೀಸು ತೆರೆಯುವ ಮೊದಲು, ಮತ್ತೊಮ್ಮೆ ಸಣ್ಣ ಬೆಂಕಿ ಕಾಣಿಸಿಕೊಂಡಿತು. ಮೊದಲ ಸಲ ಖಾಲಿ ವಿಭಾಗ, ಎರಡನೆಯ ಸಲ ಖಾಲಿ ಹೊತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈಗಿನ ಅಲಾರ್ಮ್ ಪ್ಯಾನೆಲ್‌ಗಳಲ್ಲಿ ಪ್ರತಿ ಡಿಟೆಕ್ಟರಿಗೂ ಒಂದು ವಿಳಾಸ ಇರುತ್ತದೆ, ಮನೆಗೆ ಡೋರ್ ನಂಬರ್ ಇದ್ದ ಹಾಗೆ. ಯಾವ ಡಿಟೆಕ್ಟರು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹೊಗೆ ಕಂಡಿತು, ಎರಡನೆಯದು ಯಾವುದು, ಮೂರನೆಯದು ಯಾವುದು, ಯಾರು ಯಾವಾಗ ಗಂಟೆ ನಿಲ್ಲಿಸಿದರು, ಎಲ್ಲವೂ ಅದರ ಹೊಟ್ಟೆಯಲ್ಲಿ ದಾಖಲಾಗುತ್ತದೆ. ಬೆಂಕಿ ಯಾಕೆ ಬಿತ್ತು, ಯಾರು ಇಟ್ಟರು ಎಂದು ಅದು ಹೇಳುವುದಿಲ್ಲ. ಎಲ್ಲಿಂದ, ಯಾವಾಗ ಎಂದು ಹೇಳುತ್ತದೆ. ತಿಂಗಳುಗಟ್ಟಲೆ ಟೀವಿಯಲ್ಲಿ ಕಿತ್ತಾಡುವ ವಿಷಯದಲ್ಲಿ ಅಷ್ಟು ಗೊತ್ತಾದರೂ ದೊಡ್ಡದು. ಕಚೇರಿಗಳ ಯಜಮಾನರಿಗೆ ಅಲಾರ್ಮಿನ ಈ ಉಪಯೋಗವನ್ನು ಹೇಳಿದಾಗ ಅವರ ಕಿವಿ ನೆಟ್ಟಗಾಗುವುದನ್ನು ನೋಡಿದ್ದೇನೆ. ಜೀವ ಉಳಿಯುತ್ತದೆ ಎಂದರೆ ತಲೆಯಾಡಿಸುವವರು, ಇನ್ಶೂರೆನ್ಸಿಗೆ ದಾಖಲೆ ಸಿಗುತ್ತದೆ ಎಂದರೆ ಪೆನ್ನು ತೆಗೆಯುತ್ತಾರೆ.

ಈಗ ಕೊಚ್ಚಿಯ ಕಟ್ಟಡಕ್ಕೆ ಬರೋಣ. ಅಲ್ಲಿ ಹಳೆಯದೊಂದು ಅಲಾರ್ಮ್ ಇತ್ತು. ಪ್ಯಾನೆಲ್ಲು ಮೆಟ್ಟಿಲಿನ ಕೆಳಗೆ, ಕಸಬರಿಗೆಗಳ ಹಿಂದೆ. ಹಳದಿ ದೀಪ ಹೊತ್ತಿಕೊಂಡೇ ಇತ್ತು, ಅಂದರೆ ಎಲ್ಲೋ ತಂತಿ ತುಂಡಾಗಿದೆ ಎಂದು ಅರ್ಥ. ಸದ್ದು ನಿಲ್ಲಿಸುವ ಗುಂಡಿಯನ್ನು ಒತ್ತಿ, ಅದು ಮೇಲೆ ಏಳದ ಹಾಗೆ ಬೆಂಕಿಕಡ್ಡಿ ಸಿಕ್ಕಿಸಿದ್ದರು. ಬೆಂಕಿಯ ಗಂಟೆಯ ಬಾಯಿ ಮುಚ್ಚಲು ಬೆಂಕಿಕಡ್ಡಿ! ಕಾವಲಿನ ಚೇಟ್ಟನಿಗೆ 60 ದಾಟಿದೆ, ಸೇನೆಯಿಂದ ನಿವೃತ್ತರಾದವರು. “ಏನು ಚೇಟ್ಟಾ ಇದು?” ಎಂದೆ. ಅವರು ಕೊಂಚವೂ ಅಳುಕದೆ ಹೇಳಿದರು: “ಸಾರೇ, ಮಳೆ ಬಂದರೆ ಹೊಡೆಯುತ್ತದೆ, ಹುಳು ಬಂದರೆ ಹೊಡೆಯುತ್ತದೆ, ಕ್ಯಾಂಟೀನಿನಲ್ಲಿ ಮೀನು ಹುರಿದರೆ ಹೊಡೆಯುತ್ತದೆ. ಬೆಂಕಿ ಬಿದ್ದರೆ ಹೊಡೆಯುತ್ತದೆಂದು ನಾನು ಹೇಗೆ ನಂಬಲಿ?”

ನನ್ನ ಪ್ರಕಾರ ತಪ್ಪು ಅವರದ್ದಲ್ಲ. ಆ ಒಂದು ಪ್ರಶ್ನೆಯಲ್ಲಿ ಇಡೀ ಡಿಸೈನಿನ ಪಾಠ ಇದೆ. ಸುಳ್ಳು ಹೇಳುವ ಗಂಟೆಯನ್ನು ಜನ ಮೂರು ಸಲ ಸಹಿಸುತ್ತಾರೆ, ನಾಲ್ಕನೆಯ ಸಲ ಕುತ್ತಿಗೆ ಹಿಚುಕುತ್ತಾರೆ. ಇದು ಕೇರಳದ ವಿಶೇಷವೇನಲ್ಲ, ಬೆಂಗಳೂರು, ಮುಂಬೈ, ಪುಣೆ ಎಲ್ಲ ಕಡೆಯೂ ಇದೇ.

ಸುಳ್ಳು ಯಾಕೆ ಹೇಳುತ್ತದೆ? ಹೊಗೆ ಡಿಟೆಕ್ಟರ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಗೊತ್ತಾಗುತ್ತದೆ. ಊರಿನ ಹಳೆಯ ಅಡುಗೆಮನೆ ನೆನಪಿಸಿಕೊಳ್ಳಿ. ಹೆಂಚಿನ ನಡುವೆ ಒಂದು ಗಾಜಿನ ಹೆಂಚು, ಅದರಿಂದ ಇಳಿದ ಬಿಸಿಲುಕೋಲು. ಒಲೆಯ ಹೊಗೆ ಅದರೊಳಗೆ ಹಾದಾಗಷ್ಟೇ ಬೆಳಕು ಕಾಣುತ್ತಿತ್ತು. ಡಿಟೆಕ್ಟರಿನೊಳಗೆ ಇರುವುದೂ ಅದೇ: ಕತ್ತಲೆಯ ಒಂದು ಪುಟ್ಟ ಕೋಣೆ, ಒಂದು ಸಣ್ಣ ದೀಪ, ಆ ದೀಪ ನೇರವಾಗಿ ಕಾಣದ ಹಾಗೆ ಓರೆಯಾಗಿ ಕೂತ ಒಂದು ಕಣ್ಣು. ಹೊಗೆಯ ಕಣ ಒಳಗೆ ಬಂದರೆ ಬೆಳಕು ಚದುರಿ ಕಣ್ಣಿಗೆ ಬೀಳುತ್ತದೆ. ಆದರೆ ಆ ಕಣ್ಣಿಗೆ ಹೊಗೆ, ಹಬೆ, ಸಿಮೆಂಟಿನ ದೂಳು, ಮೊದಲ ಮಳೆಗೆ ಏಳುವ ರೆಕ್ಕೆಹುಳು ಎಲ್ಲ ಒಂದೇ. ಕೊಚ್ಚಿಯ ಗಾಳಿಯಲ್ಲಿ ಉಪ್ಪೂ ಇದೆ, ನೀರೂ ಇದೆ. ಎ.ಸಿ. ತಣ್ಣಗಿಟ್ಟ ಸೀಲಿಂಗಿಗೆ ಹೊರಗಿನ ಹಸಿಗಾಳಿ ಬಡಿದರೆ ಬೆವರು ಹನಿಯುತ್ತದೆ. ಬಾಗಿಲ ಪಕ್ಕದ ಡಿಟೆಕ್ಟರಿಗೆ ಜೂನ್ ತಿಂಗಳೆಂದರೆ ನರಕ.

ಹೀಗಾಗಿ ಎಲ್ಲಿ ಹಾಕಬೇಕು ಎನ್ನುವುದಕ್ಕಿಂತ ಎಲ್ಲಿ ಯಾವುದನ್ನು ಹಾಕಬಾರದು ಎನ್ನುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತದೆ. ಪ್ಯಾಂಟ್ರಿಯಲ್ಲಿ ಹೊಗೆಯದ್ದು ಬೇಡ, ಶಾಖದ್ದು ಸಾಕು. ಒಗ್ಗರಣೆಗೆ 5 ಮಹಡಿ ಖಾಲಿ ಮಾಡಿಸುವುದು ಯಾರಿಗೂ ಒಳ್ಳೆಯದಲ್ಲ. ಎ.ಸಿ. ಗಾಳಿ ಹೊರಡುವ ಜಾಲರಿಯಿಂದ ಕನಿಷ್ಠ 1 ಮೀಟರ್ ದೂರ ಇರಬೇಕು, ಇಲ್ಲದಿದ್ದರೆ ತಣ್ಣನೆಯ ಗಾಳಿ ಹೊಗೆಯನ್ನು ಪಕ್ಕಕ್ಕೆ ಸರಿಸಿಬಿಡುತ್ತದೆ. ದೇವರ ಪಟ, ನಿಲವಿಳಕ್ಕು, ಊದುಬತ್ತಿ ಇರುವ ಮೂಲೆ ಎಲ್ಲಿ ಎಂದು ನಾನು ಮೊದಲೇ ಕೇಳಿಬಿಡುತ್ತೇನೆ. ಆರ್ಕಿಟೆಕ್ಟರ ನಕ್ಷೆಯಲ್ಲಿ ದೇವರು ಇರುವುದಿಲ್ಲ, ಉದ್ಘಾಟನೆಯ ದಿನ ಬರುತ್ತಾನೆ.

ನಿಯಮಗಳು ಇಲ್ಲವೆಂದಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 4ನೇ ಭಾಗ ಪೂರ್ತಿ ಬೆಂಕಿಯದ್ದೇ. ಅಲಾರ್ಮಿಗೆಂದೇ ಐಎಸ್ 2189 ಎಂಬ ಭಾರತೀಯ ಮಾನಕ ಇದೆ. ಸಮತಟ್ಟು ಸೀಲಿಂಗಿನ ಕೆಳಗೆ ಯಾವ ಬಿಂದುವಿನಿಂದಲೂ 7.5 ಮೀಟರಿನೊಳಗೆ ಒಂದು ಹೊಗೆ ಡಿಟೆಕ್ಟರ್ ಇರಬೇಕು, ಶಾಖದ್ದಾದರೆ 5.3 ಮೀಟರ್. ಫಾಲ್ಸ್ ಸೀಲಿಂಗಿನ ಮೇಲಿನ ಟೊಳ್ಳು 800 ಮಿಲಿಮೀಟರ್‌ಗಿಂತ ಆಳವಿದ್ದರೆ ಅದರೊಳಗೂ ಬೇಕು. ಕೆಲಸ ಗೊತ್ತಿರುವ ಯಾರಿಗೂ ಇದು ಬಾಯಿಪಾಠ. ತೊಂದರೆ ಏನೆಂದರೆ ಈ ಲೆಕ್ಕಗಳೆಲ್ಲ ಕೋಣೆ ಹೇಗಿದೆ ಎಂದು ಗೊತ್ತಿದ್ದರೆ ಮಾತ್ರ. ರಿಪೇರಿಯಾಗುತ್ತಿರುವ ಕಟ್ಟಡದಲ್ಲಿ ಕೋಣೆ ಇವತ್ತು ಇದ್ದ ಹಾಗೆ ನಾಳೆ ಇರುವುದಿಲ್ಲ.

ಕೊಚ್ಚಿಯ 3ನೇ ಮಹಡಿ ಒಂದೇ ದೊಡ್ಡ ಹಾಲ್ ಎಂದು ನಕ್ಷೆ ಬಂತು, ಡಿಟೆಕ್ಟರ್ ಗುರುತು ಹಾಕಿ ಕಳಿಸಿದೆ. ತಿಂಗಳು ಬಿಟ್ಟು ಹೋದರೆ ಅಲ್ಲಿ 6 ಕ್ಯಾಬಿನ್ ಎದ್ದಿವೆ, ಗಾಜಿನ ಗೋಡೆ ಸೀಲಿಂಗಿನವರೆಗೆ. ಯಾರೋ ಮ್ಯಾನೇಜರಿಗೆ ಬಡ್ತಿ ಸಿಕ್ಕಿದೆ, ಬಡ್ತಿಗೊಂದು ಬಾಗಿಲು ಬೇಕಲ್ಲ. ಗೋಡೆ ಎದ್ದರೆ ಹೊಗೆಗೆ ಅದು ಬೇರೆ ಕೋಣೆ, ಬೇರೆ ಡಿಟೆಕ್ಟರ್. ಹೊರಗಿನ ಬಟ್ಟಲಿಗೆ ಒಳಗಿನ ಹೊಗೆ ತಲುಪುವಷ್ಟರಲ್ಲಿ ಒಳಗಿರುವವರು ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ನಮ್ಮ ಸೈಟಿನ ವೈರಿಂಗ್ ಮೇಸ್ತ್ರಿ ಕಾಸರಗೋಡಿನವರು, ಮನೆಮಾತು ತುಳು, ನನ್ನ ಜೊತೆ ಕನ್ನಡ. “ಇದಕ್ಕೆ ಎಂತ ಮಾಡುದು ಸಾರ್, ನಾವು ಎಳೆದ ವಯರಿಗಿಂತ ಇವರು ಎಬ್ಬಿಸಿದ ಗೋಡೆಯೇ ಜಾಸ್ತಿ ಆಯ್ತಲ್ಲ” ಎಂದರು. ಪ್ರತಿ ಲೂಪಿನಲ್ಲಿ ಒಂದಷ್ಟು ವಿಳಾಸ ಖಾಲಿ ಬಿಡುವುದು, ಸೀಲಿಂಗಿನ ಮೇಲೆ ಕೇಬಲ್ಲಿನ ಒಂದು ಸುರುಳಿ ಹೆಚ್ಚಿಗೆ ಇಡುವುದು ನಮ್ಮ ರೂಢಿ. ಊರಿನಲ್ಲಿ ಅಮ್ಮಂದಿರು ಮಕ್ಕಳ ಲಂಗಕ್ಕೆ ಮಡಿಕೆ ಹೊಲಿಸಿ ಇಡುತ್ತಿದ್ದರಲ್ಲ, ಹಾಗೆ.

ಒಳಾಂಗಣ ವಿನ್ಯಾಸದ ಹುಡುಗಿಗೆ ನನ್ನ ಬಿಳಿ ಬಟ್ಟಲುಗಳು ಕಂಡರಾಗದು. ಮರದ ಪಟ್ಟಿಗಳ ಸೀಲಿಂಗಿನ ಮೇಲೆ ಅಡಗಿಸಿಬಿಡಿ ಸಾರ್ ಎಂದಳು. ಜಗಳವಾಯಿತು. ಕೊನೆಗೆ ಪಟ್ಟಿಗಳ ನಡುವಿನ ಸಂದು ಎಷ್ಟು ಅಗಲ ಎಂದು ಟೇಪು ಹಿಡಿದು ಇಬ್ಬರೂ ಏಣಿ ಹತ್ತಿದೆವು. ಸಂದು ಅಗಲವಾಗಿದ್ದರೆ ಹೊಗೆ ಮೇಲೆ ಹೋಗುತ್ತದೆ, ಮೇಲೆ ಇಡಬಹುದು; ಕಿರಿದಾಗಿದ್ದರೆ ಕೆಳಗೆ ಬೇಕೇ ಬೇಕು. ಅವಳ ಸಂದು ಕಿರಿದು. ಬಟ್ಟಲು ಕೆಳಗೆ ಬಂತು, ಅವಳಿಗೆ ಸಮಾಧಾನವಾಗಲೆಂದು ಒಂದೇ ಸಾಲಿನಲ್ಲಿ ಬರುವ ಹಾಗೆ ಹೊಂದಿಸಿದೆ. ಅಷ್ಟು ಸೌಂದರ್ಯಪ್ರಜ್ಞೆ ನಮಗೂ ಇದೆ.

ಬೆಂಗಳೂರಿನವರಿಗೆ ಕಾರ್ಲ್‌ಟನ್ ಟವರ್ಸ್ ಮರೆತಿರಲಾರದು. ಹಳೇ ಏರ್‌ಪೋರ್ಟ್ ರಸ್ತೆ, 2010ರ ಫೆಬ್ರವರಿ 23, ಮಧ್ಯಾಹ್ನ, ಆಫೀಸು ತುಂಬಿದ ಹೊತ್ತು. 9 ಜನ ಹೋದರು. ವಿದ್ಯುತ್ ಕೇಬಲ್ಲುಗಳು ಹಾಯುವ ಡಕ್ಟಿನಿಂದ ಎದ್ದ ಹೊಗೆ ಮಹಡಿ ಮಹಡಿಗೆ ಏರಿತು. ಕಿಟಕಿ ಒಡೆದು ಕೆಳಗೆ ಹಾರಿದವರನ್ನು ನಾವೆಲ್ಲ ಟೀವಿಯಲ್ಲಿ ನೋಡಿದ್ದೇವೆ. ಅಲ್ಲಿ ಮಗನನ್ನು ಕಳೆದುಕೊಂಡ ಉದಯ್ ವಿಜಯನ್ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಸ್ಥೆ ಕಟ್ಟಿ ಇವತ್ತಿಗೂ ಅಗ್ನಿಸುರಕ್ಷತೆಗೆಂದು ದುಡಿಯುತ್ತಿದ್ದಾರೆ. ಹೊರಬರುವ ದಾರಿಗಳಿಗೆ ಅಡ್ಡಿಯಿತ್ತು ಎನ್ನುವುದು ಆ ದುರಂತದ ದೊಡ್ಡ ದೂರು. ನಾನು ಪ್ರತಿ ಹಳೆಯ ಕಟ್ಟಡದಲ್ಲೂ ಮೊದಲು ಹುಡುಕುವುದು ಈ ಕೇಬಲ್ ಡಕ್ಟನ್ನು. ಕೊಚ್ಚಿಯ ಕಟ್ಟಡದಲ್ಲಿ ಅದನ್ನು ತೆರೆದು ಟಾರ್ಚ್ ಬಿಟ್ಟರೆ ನೆಲಮಹಡಿಯಿಂದ ಟೆರೇಸಿನ ಆಕಾಶ ಕಾಣುತ್ತಿತ್ತು. ಪ್ರತಿ ಮಹಡಿಯಲ್ಲಿ ಕೇಬಲ್ ಎಳೆಯಲು ತೂತು ಕೊರೆದವರು ಯಾರೂ ಮುಚ್ಚಿಲ್ಲ. ಅದು ಡಕ್ಟಲ್ಲ, ಚಿಮಣಿ. ಪ್ರತಿ ಮಹಡಿಯಲ್ಲೂ ಬೆಂಕಿ ತಡೆಯುವ ಸಾಮಗ್ರಿಯಿಂದ ಅದನ್ನು ಮುಚ್ಚಿ, ಡಕ್ಟಿನೊಳಗೆ ಡಿಟೆಕ್ಟರ್ ಇಟ್ಟ ಮೇಲೆಯೇ ಮುಂದಿನ ಕೆಲಸ ಎಂದು ಬರೆದುಕೊಟ್ಟೆ. ಮುಚ್ಚಿಸುವುದು ಅಲಾರ್ಮಿನವನ ಕೆಲಸವಲ್ಲ ಎಂದು ಕಂಟ್ರಾಕ್ಟರು ಮೂಗು ಮುರಿದರು. ಮುರಿಯಲಿ. ಹೊಗೆ ಇಲಾಖೆ ನೋಡಿ ಏರುವುದಿಲ್ಲ.

ಗಂಟೆ ಹೊಡೆದ ಮೇಲೆ ಏನಾಗಬೇಕು ಎನ್ನುವುದು ಇನ್ನೊಂದು ದೊಡ್ಡ ಅಧ್ಯಾಯ. ಇದಕ್ಕೆಂದೇ ಒಂದು ಕೋಷ್ಟಕ ಮಾಡುತ್ತೇವೆ: ಎಡಗಡೆ ‘ಇದಾದರೆ’, ಮೇಲುಗಡೆ ‘ಇದಾಗಬೇಕು’. 2ನೇ ಮಹಡಿಯಲ್ಲಿ ಹೊಗೆ ಕಂಡರೆ ಆ ಮಹಡಿಯ ಎ.ಸಿ. ಗಾಳಿಯಂತ್ರ ನಿಲ್ಲಬೇಕು, ಇಲ್ಲದಿದ್ದರೆ ಅದೇ ಹೊಗೆಯನ್ನು ಊರಿಗೆಲ್ಲ ಹಂಚುತ್ತದೆ. ಲಿಫ್ಟು ಕೆಳಗೆ ಬಂದು ಬಾಗಿಲು ತೆರೆದು ನಿಲ್ಲಬೇಕು. ಮತ್ತೆ, ಈ ಕಾಲದಲ್ಲಿ ಅತಿ ಮುಖ್ಯವಾದದ್ದು, ಕಾರ್ಡು ತೋರಿಸಿದರೆ ಮಾತ್ರ ತೆರೆಯುವ ಬಾಗಿಲುಗಳೆಲ್ಲ ತಾವಾಗಿ ಬಿಚ್ಚಿಕೊಳ್ಳಬೇಕು. ಐ.ಟಿ. ಸೆಕ್ಯುರಿಟಿಯವರು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಯಾರಾದರೂ ಊದುಬತ್ತಿ ಹಿಡಿದು ಬಾಗಿಲು ತೆರೆಸಿ ಲ್ಯಾಪ್‌ಟಾಪ್ ಕದ್ದರೆ ಎನ್ನುತ್ತಾರೆ. ಕದಿಯಲಿ ಎನ್ನುವುದು ನನ್ನ ಅಭಿಪ್ರಾಯ. ಮೀಟಿಂಗಿನಲ್ಲಿ ಸ್ವಲ್ಪ ಮೆದುವಾಗಿ ಹೇಳುತ್ತೇನೆ.

ಸದ್ದಿನ ವಿಷಯದಲ್ಲೂ ಹಳೆಯ ಕಟ್ಟಡ ಬೇರೆಯೇ. ಆಫೀಸಿನ ಮೂಲೆಮೂಲೆಯಲ್ಲೂ ಸದ್ದು ಕನಿಷ್ಠ 65 ಡೆಸಿಬೆಲ್ ಇರಬೇಕು, ಅಥವಾ ಅಲ್ಲಿನ ಮಾಮೂಲು ಗದ್ದಲಕ್ಕಿಂತ 5 ಹೆಚ್ಚು. ತಿರುವನಂತಪುರದ ಮನೆಯ ತೇಗದ ಬಾಗಿಲು ಮುಚ್ಚಿದರೆ ಹೊರಗಿನ ಹೂಟರು ಒಳಗೆ ಸೊಳ್ಳೆಯ ಹಾಗೆ ಕೇಳಿತು. ಕೋಣೆಗೊಂದು ಹೂಟರು ಬೇಕಾಯಿತು. ಕೊಚ್ಚಿಯಲ್ಲಿ ಬರೀ ಹೂಟರಿನ ಬದಲು ಮಾತಿನಲ್ಲೇ ಹೇಳುವ ವ್ಯವಸ್ಥೆ ಮಾಡುತ್ತಿದ್ದೇವೆ: ಮಲಯಾಳ, ಇಂಗ್ಲಿಷ್, ಹಿಂದಿ. ಹಿಂದಿ ಯಾಕೆ ಎಂದು ಒಬ್ಬರು ಕೇಳಿದರು. ರಾತ್ರಿ ಕಟ್ಟಡ ಗುಡಿಸುವವರು, ಪ್ಯಾಂಟ್ರಿಯ ಹುಡುಗರು ಅಸ್ಸಾಂ, ಬಂಗಾಳದವರು. ಇಲ್ಲಿ ಅವರಿಗೆ ‘ಅತಿಥಿ ತೊಳಿಲಾಳಿ’ ಎನ್ನುತ್ತಾರೆ, ಅತಿಥಿ ಕಾರ್ಮಿಕರು. ಅತಿಥಿಗೆ ಅರ್ಥವಾಗದ ಭಾಷೆಯಲ್ಲಿ ಓಡು ಎಂದರೆ ಅವನು ಓಡುವುದು ಹೇಗೆ? ಪರಭಾಷೆಯ ಊರಿನಲ್ಲಿ ಮೊದಲ ವರ್ಷ ಕಳೆದ ಯಾರಿಗಾದರೂ ಇದು ಗೊತ್ತು. ಕನ್ನಡದಲ್ಲೂ ಒಂದು ಸೇರಿಸಿ ಎಂದು ಮೇಸ್ತ್ರಿ ತಮಾಷೆ ಮಾಡಿದರು. ಕಟ್ಟಡದಲ್ಲಿ ನಾವಿಬ್ಬರೇ ಗಿರಾಕಿಗಳು.

ರಿಪೇರಿ ನಡೆಯುವಾಗಲೇ ಬೆಂಕಿ ಬೀಳುವುದು ಹೆಚ್ಚಿನವರ ಲೆಕ್ಕದಲ್ಲಿ ಇರುವುದಿಲ್ಲ. ವೆಲ್ಡಿಂಗ್, ಮರದ ಪುಡಿ, ಪಾಲಿಶಿನ ಡಬ್ಬ, ತಾತ್ಕಾಲಿಕ ವೈರು, ಎಲ್ಲ ಒಟ್ಟಿಗಿರುವುದು ಆಗಲೇ. ದೂಳು ಹೋಗದಿರಲೆಂದು ಡಿಟೆಕ್ಟರುಗಳಿಗೆ ಪ್ಲಾಸ್ಟಿಕ್ ಟೋಪಿ ಹಾಕಿರುವುದೂ ಆಗಲೇ. ಟೋಪಿ ಹಾಕಿಕೊಂಡ ಡಿಟೆಕ್ಟರು ಕಣ್ಣು ಮುಚ್ಚಿಕೊಂಡ ಕಾವಲುಗಾರ. ಸಂಜೆ ಕೆಲಸ ಮುಗಿದ ಮೇಲೆ ಟೋಪಿ ತೆಗೆಯುವುದಕ್ಕೆ, ಬೆಳಿಗ್ಗೆ ಹಾಕುವುದಕ್ಕೆ ಒಬ್ಬನ ಹೆಸರು ಬರೆದಿಡಿ, ಎಣಿಸಿ ಇಡಿ ಎಂದು ಹಟ ಹಿಡಿದಿದ್ದೇನೆ. 3ನೇ ಮಹಡಿಗೆ 42 ಟೋಪಿ. ಸಂಜೆ ಡಬ್ಬದಲ್ಲಿ 41 ಇದ್ದರೆ ಆ ಒಂದನ್ನು ಹುಡುಕಿಯೇ ಮನೆಗೆ ಹೋಗಬೇಕು.

ಪ್ಯಾರಿಸ್ಸಿನ ನೋತ್ರ್‌ ದಾಮ್ ಚರ್ಚು 2019ರ ಏಪ್ರಿಲ್ 15ರಂದು ಹೊತ್ತಿ ಉರಿದದ್ದು ರಿಪೇರಿಯ ನಡುವೆಯೇ. ಅದರಲ್ಲಿ ನನ್ನನ್ನು ನಿದ್ದೆಗೆಡಿಸಿದ್ದು ಅಲಾರ್ಮ್ ಕೆಲಸ ಮಾಡಿತ್ತು ಎಂಬ ಸಂಗತಿ. ಸಂಜೆ ಸುಮಾರು 6.20ಕ್ಕೇ ಡಿಟೆಕ್ಟರು ಕೂಗಿತು. ಕಂಟ್ರೋಲ್ ಪ್ಯಾನೆಲ್ ನೋಡುತ್ತಿದ್ದವರು ಆ ಕೆಲಸಕ್ಕೆ ಹೊಸಬರು, ಸೇರಿ 3 ದಿನವಾಗಿತ್ತಷ್ಟೇ ಎಂದು ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತ್ತು. ಪರದೆಯ ಮೇಲೆ ಬಂದ ಸಂಕೇತದ ಸಾಲು ಅರ್ಥವಾಗಲಿಲ್ಲ. ಕಾವಲಿನವನನ್ನು ಕಳಿಸಿದ್ದು ಪಕ್ಕದ ಕಟ್ಟಡದ ಅಟ್ಟಕ್ಕೆ, ಬೆಂಕಿ ಇದ್ದದ್ದು ಚರ್ಚಿನ ಮುಖ್ಯ ಅಟ್ಟದಲ್ಲಿ. ತಪ್ಪು ತಿಳಿದು ಸರಿಯಾದ ಮೆಟ್ಟಿಲು ಹತ್ತುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ನೂರಾರು ವರ್ಷದ ಓಕ್ ಮರದ ಅಟ್ಟಕ್ಕೆ ಅರ್ಧ ಗಂಟೆ ಬೇಕಾದಷ್ಟಾಯಿತು.

ಆ ಕತೆಯನ್ನು ಓದಿದಾಗಿನಿಂದ ನಾನು ಪ್ಯಾನೆಲ್ಲಿನಲ್ಲಿ ಕಾಣುವ ಹೆಸರುಗಳನ್ನು ಆಫೀಸಿನಲ್ಲಿ ಕೂತು ಬರೆಯುವುದಿಲ್ಲ. ಕಂಪನಿಯವರು ಕೊಡುವ ಹೆಸರುಗಳು ಹೀಗಿರುತ್ತವೆ: ‘ಎಲ್2-ಡಿ47-ಎಸ್‌ಆರ್‌ವಿ-ಎನ್‌ಡಬ್ಲ್ಯು’. ರಾತ್ರಿ 2 ಗಂಟೆಗೆ ಕಣ್ಣುಜ್ಜಿಕೊಂಡು ಎದ್ದ ಚೇಟ್ಟನಿಗೆ ಇದೇನು ಹೇಳುತ್ತದೆ? ಅವರನ್ನೇ ಕರೆದುಕೊಂಡು ಮಹಡಿ ಮಹಡಿ ಸುತ್ತಿದೆ. ಈಗಿನ ಸರ್ವರ್ ಕೋಣೆಗೆ ಅವರು ‘ಪಳಯ ಕ್ಯಾಂಟೀನ್’ ಎನ್ನುತ್ತಾರೆ, ಹಳೆಯ ಕ್ಯಾಂಟೀನ್. ಬೋರ್ಡ್ ರೂಮಿಗೆ ‘ಮಾವಿನ ಮರದ ಕಡೆ’. ಮಾವಿನ ಮರ ಕಡಿದು ವರ್ಷಗಳಾಗಿವೆ, ಅವರ ತಲೆಯಲ್ಲಿ ಇನ್ನೂ ಇದೆ. ನಮ್ಮ ಪ್ಯಾನೆಲ್ಲಿನ ಪರದೆಗೆ ಮಲಯಾಳ ಲಿಪಿ ಬರುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಮಲಯಾಳ ಪದ ಹಾಕಿಸಿದೆ: ಮೊದಲು ಮಹಡಿ, ಆಮೇಲೆ ಅವರು ಕರೆಯುವ ಹೆಸರು, ಕೊನೆಗೆ ಯಾವ ಮೆಟ್ಟಿಲಿನಿಂದ ಹೋಗಬೇಕು. ಪಕ್ಕದ ಗೋಡೆಗೆ ಮಲಯಾಳದಲ್ಲೇ ಬರೆದ ದೊಡ್ಡ ನಕ್ಷೆ. ಗಿರಾಕಿಯ ಕಡೆಯ ಯುವ ಮ್ಯಾನೇಜರಿಗೆ ಇದು ಅಷ್ಟು ಪ್ರೊಫೆಷನಲ್ ಅನ್ನಿಸಲಿಲ್ಲ. ಅವರು ರಾತ್ರಿ 2 ಗಂಟೆಗೆ ಅಲ್ಲಿರುವುದಿಲ್ಲ ಎಂದು ನೆನಪು ಮಾಡಿದೆ.

ಪ್ಯಾನೆಲ್ಲೂ ಕಸಬರಿಗೆಯ ಹಿಂದಿನಿಂದ ಚೇಟ್ಟನ ಮೇಜಿನ ಎದುರಿಗೆ ಬಂದಿದೆ. ಹಗಲು ಒಂದು ಡಿಟೆಕ್ಟರ್ ಕೂಗಿದರೆ 3 ನಿಮಿಷ ನೋಡಿ ಬರುವ ಅವಕಾಶ, ಅಷ್ಟರಲ್ಲಿ ಯಾರೂ ಏನೂ ಒತ್ತದಿದ್ದರೆ ಇಡೀ ಕಟ್ಟಡ ಕೂಗುತ್ತದೆ. ಎರಡನೆಯ ಡಿಟೆಕ್ಟರೂ ಕೂಗಿದರೆ, ಅಥವಾ ಯಾರಾದರೂ ಕೆಂಪು ಪೆಟ್ಟಿಗೆಯ ಗಾಜು ಒಡೆದರೆ ಕಾಯುವ ಮಾತೇ ಇಲ್ಲ. ರಾತ್ರಿ ಆ 3 ನಿಮಿಷವೂ ಇಲ್ಲ.

ತಿರುವನಂತಪುರದ ಮನೆಯ ತಲೆನೋವು ಇನ್ನೂ ಮುಗಿದಿಲ್ಲ. ಮಂಗಳೂರು ಹೆಂಚಿನ ಮಾಡು ಅದು. ಸೆಕ್ರೆಟರಿಯೇಟಿಗೆ ಅಡಿಪಾಯ ಬಿದ್ದ 1865ರಲ್ಲೇ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದರು; ನಮ್ಮೂರಿನ ಮಣ್ಣು ಇಲ್ಲಿಯವರೆಗೆ ಬಂದು ಮಾಡು ಹತ್ತಿ ಕೂತಿದೆ ಎಂದು ನೋಡಿದಾಗಲೆಲ್ಲ ಸಣ್ಣ ಹೆಮ್ಮೆ. ಆದರೆ ಮಧ್ಯಾಹ್ನದ ಬಿಸಿಲಿಗೆ ಹೆಂಚಿನ ಕೆಳಗೆ ಬಿಸಿಗಾಳಿಯ ಒಂದು ಪದರ ಕಟ್ಟುತ್ತದೆ. ಆಗಷ್ಟೇ ಹುಟ್ಟಿದ ತೆಳು ಹೊಗೆಗೆ ಆ ಪದರವನ್ನು ಭೇದಿಸುವ ಬಿಸಿ ಇರುವುದಿಲ್ಲ, ನಡುವೆಯೇ ತೇಲುತ್ತಾ ನಿಲ್ಲುತ್ತದೆ. ತುದಿಯಲ್ಲಿಟ್ಟ ಡಿಟೆಕ್ಟರಿಗೆ ಹೊಗೆ ತಲುಪುವುದೇ ಇಲ್ಲ. ಇನ್ನು ತೇಗದ ಕೆತ್ತನೆಯ ಅಟ್ಟಕ್ಕೆ ತೂತು ಕೊರೆಯಲು ಯಾರೂ ಒಪ್ಪುವುದಿಲ್ಲ, ನನಗೂ ಮನಸ್ಸಿಲ್ಲ. ಹಾಗಾಗಿ ಗಾಳಿ ಹೀರುವ ಬಗೆಯ ಡಿಟೆಕ್ಟರಿಗೆ ಹೋಗಿದ್ದೇವೆ. ಅಟ್ಟದ ಮೇಲೆ ಸಣ್ಣ ಕೊಳವೆ, ಅದರಲ್ಲಿ ಸೂಜಿತೂತುಗಳು ಬೇರೆ ಬೇರೆ ಎತ್ತರದಲ್ಲಿ. ಒಂದು ಪುಟ್ಟ ಫ್ಯಾನು ಸದಾ ಗಾಳಿ ಎಳೆದು ಮೂಸುತ್ತಿರುತ್ತದೆ. ಹಲಗೆಗಳ ಸಂದಿನಿಂದ ಕೂದಲೆಳೆಯ ಕೊಳವೆ ಇಳಿಸಿದರೆ ಕೆಳಗೆ ಕೂತವರಿಗೆ ಕಾಣುವುದೂ ಇಲ್ಲ. ದುಬಾರಿ. ಮಾಮೂಲು ಬಟ್ಟಲು ಸಾಕಲ್ಲ, ಎನ್‌ಓಸಿ ಬಂದರೆ ಸರಿಯಲ್ಲವೇ ಎಂದು ಲೆಕ್ಕದವರು ಎರಡು ಸಲ ಫೈಲು ವಾಪಸ್ಸು ಕಳಿಸಿದ್ದಾರೆ. ಮೂರನೆಯ ಸಲ ಫೈಲಿನ ಜೊತೆ ಸೆಕ್ರೆಟರಿಯೇಟಿನ ಸುಟ್ಟ ಕೋಣೆಯ ಪತ್ರಿಕಾ ಚಿತ್ರವನ್ನು ಲಗತ್ತಿಸಿದ್ದೇನೆ. ಅವರ ಕಿಟಕಿಯಿಂದ ನೋಡಿದರೆ ಆ ಜಾಗ ದೂರವೇನಿಲ್ಲ.

ಮೆಟ್ರೋಗಳಲ್ಲಿರುವ ನೀವು ನಾಳೆ ಆಫೀಸಿಗೆ ಹೋದಾಗ ಎರಡು ನಿಮಿಷ ಬಿಡುವು ಮಾಡಿಕೊಂಡು ಆ ಕೆಂಪು ಪ್ಯಾನೆಲ್ ಎಲ್ಲಿದೆ ಎಂದು ಕೇಳಿ. ಹಸಿರು ದೀಪ ಒಂದೇ ಉರಿಯುತ್ತಿದ್ದರೆ ಸರಿ. ಹಳದಿ ಇದ್ದರೆ ಎಷ್ಟು ದಿನದಿಂದ ಎಂದು ಕೇಳಿ, ಉತ್ತರ ಕುತೂಹಲಕರವಾಗಿರುತ್ತದೆ. ನಿಮ್ಮ ಕ್ಯಾಬಿನ್ನಿನ ಸೀಲಿಂಗು ನೋಡಿ, ಬಟ್ಟಲಿಗೆ ಇನ್ನೂ ಪ್ಲಾಸ್ಟಿಕ್ ಟೋಪಿ ಇದೆಯೇ ಎಂದು. ಹೊಸ ಆಫೀಸುಗಳಲ್ಲಿ ವರ್ಷವಾದರೂ ತೆಗೆಯದ ಟೋಪಿಗಳನ್ನು ನಾನು ಕಂಡಿದ್ದೇನೆ.

ಕೊಚ್ಚಿಯಲ್ಲಿ ಕಳೆದ ವಾರ ಪರೀಕ್ಷೆ ಮಾಡಿದೆವು. ಮೇಸ್ತ್ರಿ ಸರ್ವರ್ ಕೋಣೆಯಲ್ಲಿ ಡಿಟೆಕ್ಟರಿಗೆ ಪರೀಕ್ಷೆಯ ಹೊಗೆ ಊದಿದರು. ಯಾವ ಕೋಣೆ ಎಂದು ಕಾವಲಿನವರಿಗೆ ಹೇಳಿರಲಿಲ್ಲ. ಚೇಟ್ಟ ಕನ್ನಡಕ ಏರಿಸಿ ಪರದೆ ಓದಿ, ಟಾರ್ಚ್ ಹಿಡಿದು, ಲಿಫ್ಟಿನ ಕಡೆ ತಿರುಗಿಯೂ ನೋಡದೆ ಹಿಂದಿನ ಮೆಟ್ಟಿಲು ಹತ್ತಿದರು. 1 ನಿಮಿಷ 50 ಸೆಕೆಂಡಿಗೆ ಬಾಗಿಲಲ್ಲಿದ್ದರು. ಸ್ವಲ್ಪ ಏದುಸಿರು. “ಪುಗ ಎಲ್ಲಿ?” ಎಂದರು. ಮುಂದಿನ ಸೋಮವಾರ ರಾತ್ರಿ ಪಾಳಿಯ ಇನ್ನೊಬ್ಬರದ್ದು ಇದೆ. ಅವರು ಹೊಸಬರು, ಮಾವಿನ ಮರ ನೋಡಿದವರಲ್ಲ. ಆ ಹೆಸರನ್ನು ಇಟ್ಟುಕೊಳ್ಳುವುದೋ ಬದಲಿಸುವುದೋ ಆಮೇಲೆ ನೋಡಬೇಕು.